ದೂಧಗಂಗೆಯ ದಂಡೆಯ ಓದು

ನನ್ನ ಊರು ದೂಧಗಂಗೆಯ ದಂಡೆಯ ಸದಲಗಾ, ನೌಕರಿ ಚಿಕ್ಕೋಡಿಯ ಒಂದು ಪತ್ತಿನ ಸಂಘದಲ್ಲಿ. ಕೆಲಸ ಮುಗಿದ ಮೇಲೆ ಓದುವುದು, ರಜೆಯಲ್ಲಿ ಹಳೆಯ ಗುಡಿ ನೋಡುವುದು, ಹಿರಿಯರನ್ನು ಕೂರಿಸಿಕೊಂಡು ಅವರ ಕಾಲದ ಮಾತು ಕೇಳುವುದು ನನ್ನ ಹವ್ಯಾಸ. ಓರಗೆಯ ಗೆಳತಿಯರು ಏನು ಓದಲಿ, ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತಿರುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನವರಿಗೆ ಓದಿನ ವಿಷಯದಲ್ಲಿ ಬೇರೆಯವರಿಗಿಲ್ಲದ ಭಾಗ್ಯವಿದೆ ಎಂದು ನಾನು ನಂಬಿದ್ದೇನೆ. ಆ ನಂಬಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

1. ಓಣಿಯ ಹತ್ತಿರದವರನ್ನು ಮೊದಲು ಓದಿ.

ಕಾಲೇಜಿನಲ್ಲಿ ಕುವೆಂಪು, ಕಾರಂತರನ್ನು ಓದಿದೆವು. ಮಲೆನಾಡು, ಕರಾವಳಿ ಕಣ್ಣಿಗೆ ಕಟ್ಟಿದವು. ನಮ್ಮ ಕೃಷ್ಣೆಯ ದಂಡೆ ಪುಸ್ತಕದಲ್ಲಿ ಸಿಕ್ಕಿದ್ದು ಆಮೇಲೆ, ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಕಾದಂಬರಿಯಲ್ಲಿ. ಅಣ್ಣಾರಾಯರು 1918ರಲ್ಲಿ ಸೇಡಬಾಳದಲ್ಲಿ ಹುಟ್ಟಿದವರು, ಶಾಲಾ ಮಾಸ್ತರರಾಗಿದ್ದವರು. ಸೇಡಬಾಳ ಈಗ ಕಾಗವಾಡ ತಾಲೂಕಿನಲ್ಲಿದೆ. ಮೀರಜಿಗೆ ಹೋಗುವ ರೈಲು ಅಲ್ಲಿಂದಲೇ ಹಾಯುತ್ತದೆ. ‘ನಿಸರ್ಗ’ ಬಂದದ್ದು 1945ರಲ್ಲಿ. ಅಡುಗೆಮನೆಯಲ್ಲಿ, ಹೊಲದ ಬದುವಿನ ಮೇಲೆ ನಾವು ಆಡುವ ಮಾತನ್ನೇ ಅದರ ಮಂದಿ ಆಡುತ್ತಾರೆ. ಮನೆಯ ಮಾತು ಅಚ್ಚಾಗಿ ಬಂದದ್ದನ್ನು ಕಂಡಾಗ ಆಗುವ ಸಂತೋಷವೇ ಬೇರೆ. ಅದನ್ನು ನಮ್ಮ ಭಾಗದ ಪ್ರತಿಯೊಬ್ಬ ಹುಡುಗ, ಹುಡುಗಿ ಒಮ್ಮೆಯಾದರೂ ಅನುಭವಿಸಬೇಕು.

ನಮ್ಮ ಸದಲಗಾದಲ್ಲೇ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರ ವಿಷಯವೂ ಹೀಗೇ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತ, ‘ಪ್ರವಚನಸಾರ’, ‘ಕುವಲಯಮಾಲಾ’ದಂಥ ಪ್ರಾಕೃತ ಗ್ರಂಥಗಳನ್ನು ಹಸ್ತಪ್ರತಿಗಳಿಂದ ಶೋಧಿಸಿ ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪ್ರಾಕೃತ ನನಗೆ ಬರುವುದಿಲ್ಲ. ಆದರೂ ಒಂದು ಪದ್ಯಕ್ಕೆ ನಾಲ್ಕಾರು ಪ್ರತಿಗಳ ಪಾಠ ಹೋಲಿಸಿ, ಯಾವುದು ಸರಿ ಎಂದು ತೀರ್ಮಾನಿಸುವ ಆ ಕೆಲಸ ಎಂಥದು ಎಂದು ಅವರ ಸಂಪಾದನೆಯ ಪುಟ ತಿರುವಿದಾಗ ತಿಳಿಯಿತು. ಅಂಥ ತಾಳ್ಮೆಯ ಮನುಷ್ಯ ನಾವು ನಡೆದಾಡುವ ಊರಿನಿಂದ ಹೋದವರು ಎಂಬುದು ನನಗೆ ದೊಡ್ಡ ಧೈರ್ಯ.

2. ಮರಾಠಿಯನ್ನು ಮರಾಠಿಯಲ್ಲೇ ಓದಿ.

ನಿಪ್ಪಾಣಿಯ ಪೇಟೆಯಲ್ಲಿ, ಇಚಲಕರಂಜಿಯ ಬಸ್ಸಿನಲ್ಲಿ, ಸೋದರಮಾವನ ಮನೆಯಲ್ಲಿ ನಾವೆಲ್ಲ ಮರಾಠಿ ಮಾತಾಡುತ್ತೇವೆ. ಹಿಂದಿ ಕಲಿತದ್ದರಿಂದ ಲಿಪಿಯೂ ಬರುತ್ತದೆ. ಇಷ್ಟಿದ್ದೂ ಮರಾಠಿ ಪುಸ್ತಕ ಮುಟ್ಟದವರೇ ಹೆಚ್ಚು. ನಾನು ಶುರು ಮಾಡಿದ್ದು ಆನಂದ ಯಾದವರ ‘ಝೋಂಬಿ’ಯಿಂದ. ಯಾದವರು ನಿಪ್ಪಾಣಿಯ ನೆರೆಯ ಕಾಗಲದವರು. 1987ರಲ್ಲಿ ಬಂದ ಈ ಆತ್ಮಕಥನಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗುತ್ತಿಗೆ ಹೊಲ ಮಾಡುವ ಅಪ್ಪ ಮಗನನ್ನು ಶಾಲೆ ಬಿಡಿಸಿ ದುಡಿತಕ್ಕೆ ಹಚ್ಚುತ್ತಾನೆ. ಮಗ ಏಟು ತಿಂದು, ಹಸಿದುಕೊಂಡು ಮತ್ತೆ ಮತ್ತೆ ಶಾಲೆಗೇ ಹೋಗುತ್ತಾನೆ. ಮೊದಲ ಪುಟಗಳಲ್ಲಿ ಓದು ತಡವರಿಸುತ್ತದೆ. ಗಟ್ಟಿಯಾಗಿ ಓದಿದರೆ ದಾರಿ ಸಲೀಸು, ಏಕೆಂದರೆ ಕಣ್ಣಿಗೆ ಗೊತ್ತಿಲ್ಲದ್ದು ಕಿವಿಗೆ ಗೊತ್ತಿರುತ್ತದೆ.

ಆಮೇಲೆ ಮಹಾದೇವ ಮೋರೆ. ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಲೇ ಅಲ್ಲಿಯ ತಂಬಾಕು ಕೂಲಿಗಳ, ಡ್ರೈವರುಗಳ ಬದುಕನ್ನು ಕಥೆ ಮಾಡಿದವರು. ಅದೇ ನಿಪ್ಪಾಣಿಯ ಹತ್ತಿರ, ಕರ್ನಾಟಕ–ಮಹಾರಾಷ್ಟ್ರದ ಗಡಿ ಗದ್ದಲ ಎದ್ದಾಗಲೆಲ್ಲ ಕೊಗನೊಳ್ಳಿ ನಾಕಾದಲ್ಲಿ ಬಸ್ಸುಗಳು ನಿಲ್ಲುತ್ತವೆ, ನಮ್ಮಂಥ ನೌಕರಿಯವರ, ಮೀರಜಿನ ದವಾಖಾನೆಗೆ ಹೊರಟವರ ಪಾಡು ಯಾರಿಗೂ ಬೇಡ. ನಾನು ಕನ್ನಡತಿ, ಕನ್ನಡದ ಹಕ್ಕಿನ ಬಗ್ಗೆ ನನಗೆ ಎರಡು ಮನಸ್ಸಿಲ್ಲ. ಮೋರೆಯವರ ಗಿರಣಿಗೆ ಜೋಳದ ಬುಟ್ಟಿ ಹೊತ್ತು ಬಂದ ಬಡವರು ಎರಡೂ ಮಾತಿನವರಾಗಿದ್ದರು ಎಂಬುದರ ಬಗ್ಗೆಯೂ ಎರಡು ಮನಸ್ಸಿಲ್ಲ.

3. ಪರೀಕ್ಷೆಯ ಓದನ್ನು ಹಗುರವಾಗಿ ನೋಡಬೇಡಿ.

ಚಿಕ್ಕೋಡಿಯ ಗ್ರಂಥಾಲಯದಲ್ಲಿ ಕೂತ ಬಹಳಷ್ಟು ಹುಡುಗರ ಮುಂದೆ ಇರುವುದು ಪಿಎಸ್ಐ, ಪಿಡಿಒ, ಕೆಎಎಸ್ ಗೈಡುಗಳು. ಅವರ ಮನೆಯ ಕಷ್ಟ ಗೊತ್ತಿರುವವರು ಅದನ್ನು ಓದೇ ಅಲ್ಲ ಎನ್ನಲಾರರು. ಅಲ್ಲೇ ಪಕ್ಕದ ಕಪಾಟಿನಲ್ಲಿ ಕಾದಂಬರಿಯೂ ಇದೆ ಎಂದು ತೋರಿಸಿದರೆ ಸಾಕು.

4. ಪುಸ್ತಕ ಹೇಳದ್ದನ್ನು ಮನೆಯ ಹಿರಿಯರು ಹೇಳುತ್ತಾರೆ.

1981ರಲ್ಲಿ ಶರದ ಜೋಶಿಯವರ ಶೇತಕರಿ ಸಂಘಟನೆಯ ನೇತೃತ್ವದಲ್ಲಿ ತಂಬಾಕಿನ ದರಕ್ಕಾಗಿ ರೈತರು ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿ ತಡೆದು ವಾರಗಟ್ಟಲೆ ಕೂತರು. ಏಪ್ರಿಲ್‌ನಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಆ ಚಳವಳಿಯ ಬಗ್ಗೆ ಓದಿದಷ್ಟೂ ಹೊಲದ ಮಾಲೀಕರ ಮಾತೇ ಸಿಗುತ್ತಿತ್ತು. ವಖಾರಿಯೊಳಗೆ ತಂಬಾಕು ಕುಟ್ಟಿ, ಜರಡಿ ಹಿಡಿಯುತ್ತಿದ್ದ ಹೆಂಗಸರ ಮಾತು ಎಲ್ಲಿ ಎಂದು ಹುಡುಕಿದಾಗ ಸಿಕ್ಕಿದ್ದು ಪುಸ್ತಕವಲ್ಲ, ಸಿನಿಮಾ. ‘ಯುಗಾಂತರ’ ಎಂಬ ಮಹಿಳೆಯರ ತಂಡ 1982ರಲ್ಲಿ ಮಾಡಿದ ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ. ದೀಪಾ ಧನರಾಜ್ ಆ ತಂಡದವರು. ನಿಪ್ಪಾಣಿಯ ಹೆಣ್ಣಾಳುಗಳು ಸಂಘ ಕಟ್ಟಿ, ಕೂಲಿಗಾಗಿ ಬೀದಿಗಿಳಿದ ಕಥೆ ಅದು.

ವಖಾರಿಯಲ್ಲಿ ದುಡಿದ ನನ್ನ ಮೌಶಿಗೆ ಅದನ್ನು ಫೋನಿನಲ್ಲಿ ಹಚ್ಚಿ ಕೊಟ್ಟೆ. “ಹಿಂಗ ಇತ್ತ ನೋಡವಾ. ಮೂಗಿಗೆ ಸೆರಗ ಕಟಗೊಂಡ ಕುಂದರತಿದ್ವಿ. ಮನಿಗೆ ಬಂದ ಮ್ಯಾಲೂ ಊಟಕ್ಕ ರುಚಿ ಇರತಿರಲಿಲ್ಲ” ಅಂದಳು. ಆಮೇಲೆ ಪರದೆಯ ಮೇಲೆ ಮೆರವಣಿಗೆ ಹೋಗುತ್ತಿದ್ದಂತೆ ಓಣಿ ಓಣಿಯ ಗುರುತು ಹೇಳತೊಡಗಿದಳು. ಯಾವ ವಖಾರಿ ಎಲ್ಲಿತ್ತು, ತೂಕದಲ್ಲಿ ಯಾರು ಮೋಸ ಮಾಡುತ್ತಿದ್ದರು, ಕೂಸನ್ನು ಎಲ್ಲಿ ಮಲಗಿಸುತ್ತಿದ್ದರು. ನಾನು ನೋಟ್‌ಬುಕ್ ತಂದು ಬರೆದುಕೊಂಡೆ. ಈಗ ಏನೇ ಓದಿದರೂ ಅದನ್ನು ಕಂಡ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸುತ್ತೇನೆ. ಅವರಿಗೆ ವಯಸ್ಸಾಗುತ್ತಿದೆ, ಬೇಗ ವಿಚಾರಿಸಬೇಕು.

5. ಓದಿದ ಜಾಗಕ್ಕೆ ಹೋಗಿ ಬನ್ನಿ.

ಕಾಗವಾಡ ತಾಲೂಕಿನ ಜುಗುಳದ ಎದುರಿಗೆ, ಹೊಳೆಯ ಆಚೆ ಖಿದ್ರಾಪುರವಿದೆ. ಆಡಳಿತಕ್ಕೆ ಅದು ಮಹಾರಾಷ್ಟ್ರ. ಅಲ್ಲಿಯ ಕೋಪೇಶ್ವರ ಗುಡಿ ಶಿಲಾಹಾರರ ಕಾಲದ್ದು, ಅದರ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಸ್ವರ್ಗಮಂಟಪದ ಮೇಲ್ಛಾವಣಿ ನಟ್ಟನಡುವೆ ದುಂಡಗೆ ತೆರೆದಿದೆ. ಕೆಳಗಿನ ದುಂಡುಗಲ್ಲಿನ ಮೇಲೆ ನಿಂತು ಕತ್ತೆತ್ತಿದರೆ ಆಕಾಶ. ಪುಸ್ತಕದಲ್ಲಿ ಶಾಸನದ ಪಾಠ ಓದಿಕೊಂಡು ಹೋಗಿ, ಕಲ್ಲಿನ ಮೇಲೆ ಒಂದೊಂದೇ ಅಕ್ಷರ ಗುರುತಿಸುವುದು ನನಗೆ ಗೊತ್ತಿರುವ ಅತ್ಯಂತ ಸುಖದ ಆಟ. ಇಳಿಹೊತ್ತಿಗೆ ಹೋಗಿ; ಬಿಸಿಲು ಓರೆಯಾದಾಗ ಅಕ್ಷರದ ತಗ್ಗು ಎದ್ದು ಕಾಣುತ್ತದೆ.

ಅಥಣಿಗೂ ಹಾಗೇ, ಚಪ್ಪಲಿಯ ಸುದ್ದಿ ಓದಿ ಹೋದೆ. 2025ರಲ್ಲಿ ಪ್ರಾಡಾ ಎಂಬ ಇಟಲಿಯ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಲಾಪುರಿಯಂಥ ಚಪ್ಪಲಿ ತೋರಿಸಿದ್ದು ಪತ್ರಿಕೆ ತುಂಬ ಬಂತು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಯೂ ಇವೆ, ನಮ್ಮ ಬೆಳಗಾವಿಯೂ ಸೇರಿ. ಈ ಮಾತು ಸುದ್ದಿಯಲ್ಲಿ ಕಡಿಮೆ ಬಂತು, ನನಗೆ ಬೇಸರವಾಯಿತು. ಅಥಣಿಯ ಮನೆಗಳಲ್ಲಿ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲನ್ನು ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಹೊಲಿಗೆ, ಹೆಣಿಗೆಯ ಬಹುಪಾಲು ಹೆಂಗಸರದು.

6. ಬಸ್ಸಿಗೆ ಕಥೆ, ರಾತ್ರಿಗೆ ಕಾದಂಬರಿ.

ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರಿನ ಜೋಡಿ ಟ್ರ್ಯಾಲಿಗಳ ಹಿಂದೆ ಬಸ್ಸು ತೆವಳುತ್ತದೆ, ಟ್ರ್ಯಾಕ್ಟರಿನ ಹಾಡು ಕಿವಿಗೆ ಬಡಿಯುತ್ತದೆ. ಆಗ ಸಣ್ಣ ಕಥೆಯಷ್ಟೇ ತಲೆಗೆ ಹೋಗುತ್ತದೆ.

7. ಹೊಳೆ ದಂಡೆಯವರು ಪುಸ್ತಕ ಒಣಗಿಸುವುದನ್ನು ಕಲಿತಿರಬೇಕು.

2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ ಊರೊಳಗೆ ಬಂದವು. ಜನ ಮೊದಲು ದನ, ಕಾಳು, ಕಾಗದಪತ್ರ ಎತ್ತುತ್ತಾರೆ, ಅದೇ ಸರಿ. ಪುಸ್ತಕದ ಬಾರಿ ಬರುವ ಹೊತ್ತಿಗೆ ಅದು ನೆನೆದಿರುತ್ತದೆ. ನೆನೆದ ಪುಸ್ತಕವನ್ನು ಹಿಂಡಬಾರದು, ಕೆಂಡದಂಥ ಬಿಸಿಲಿಗೆ ಇಡಬಾರದು, ಅಂಟಿದ ಹಾಳೆಯನ್ನು ಎಳೆಯಬಾರದು. ಕೆಸರಾಗಿದ್ದರೆ ಮುಚ್ಚಿ ಹಿಡಿದೇ ತಿಳಿನೀರಿನಲ್ಲಿ ತೊಳೆಯಬೇಕು. ಆಮೇಲೆ ನೆಟ್ಟಗೆ ನಿಲ್ಲಿಸಿ, ಹಾಳೆಗಳ ನಡುವೆ ಹಳೆಯ ಪೇಪರ್ ಇಟ್ಟು, ಪೇಪರ್ ಬದಲಿಸುತ್ತ ಫ್ಯಾನಿನ ಗಾಳಿಗೆ ಒಣಗಿಸಬೇಕು. ಎರಡು ಮೂರು ದಿನ ತಡವಾದರೆ ಬೂಷ್ಟು ಹಿಡಿಯುತ್ತದೆ. ಕರೆಂಟು ಇಲ್ಲದಿದ್ದರೆ ಗಾಳಿಯಾಡುವ ಪಡಸಾಲೆಯೇ ಗತಿ. ನುಣುಪು ಕಾಗದದ ಚಿತ್ರಪುಸ್ತಕ ಉಳಿಯುವುದು ಕಷ್ಟ. ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಕೆಳಗಿನ ಎರಡು ಖಾನೆ ಮಳೆಗಾಲದಲ್ಲಿ ಖಾಲಿ ಇರಲಿ ಎಂಬುದು ನನ್ನ ಕಳಕಳಿಯ ಬೇಡಿಕೆ.

8. ಕೆಲವು ಪುಸ್ತಕಗಳನ್ನು ನಿಧಾನಕ್ಕೇ ಓದಬೇಕು.

ಈಗ ನನ್ನ ಕೈಯಲ್ಲಿರುವುದು ಆಚಾರ್ಯ ವಿದ್ಯಾಸಾಗರರ ‘ಮೂಕಮಾಟಿ’. 1946ರಲ್ಲಿ ಹುಟ್ಟಿ, ಸದಲಗಾದಲ್ಲಿ ಬೆಳೆದು, ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ವಿದ್ಯಾಧರ 1968ರಲ್ಲಿ ಅಜಮೇರದಲ್ಲಿ ಮುನಿದೀಕ್ಷೆ ಪಡೆದು, ಇಪ್ಪತ್ತು ವರ್ಷದ ಮೇಲೆ ಹಿಂದಿಯಲ್ಲಿ ಬರೆದ ಮಹಾಕಾವ್ಯ ಇದು. 2024ರ ಫೆಬ್ರುವರಿಯಲ್ಲಿ ಅವರು ಡೋಂಗರಗಢದಲ್ಲಿ ಸಮಾಧಿ ಹೊಂದಿದಾಗ ಊರಿಗೆ ಊರೇ ದುಃಖಿಸಿತು. ಹೊಳೆಯ ದಂಡೆಯ ಮಣ್ಣು ಕುಂಬಾರನ ಕೈಗೆ ಬಂದು, ಸೋಸಿಸಿಕೊಂಡು, ತುಳಿಸಿಕೊಂಡು, ತಿಗರಿ ಏರಿ ಕೊಡವಾಗುವುದು ಈ ಕಾವ್ಯದ ಕಥೆ. ನನ್ನ ಹಿಂದಿ ಅಷ್ಟು ಬಲವಾಗಿಲ್ಲ; ದಿನಕ್ಕೆ ಒಂದೆರಡು ಪುಟ ಸಾಗುತ್ತದೆ, ಅಮ್ಮನಿಗೂ ಕನ್ನಡದಲ್ಲಿ ಹೇಳುತ್ತೇನೆ. ನಾಲ್ಕನೆಯ ಖಂಡದಲ್ಲಿ ಕೊಡ ಬೆಂಕಿಗೆ ಹೋಗುತ್ತದೆ. ಕೊಡ ಸುಡುವ ಆವಗಿ ಹಚ್ಚುವ ದಿನ ತಿಳಿಸಿರಿ ಎಂದು ಕುಂಬಾರ ಓಣಿಯ ಕಾಕಾರಿಗೆ ಹೇಳಿಟ್ಟಿದ್ದೇನೆ. ಅದನ್ನು ನೋಡಿದ ಮೇಲೆಯೇ ಆ ಖಂಡ ಓದುವುದು ಎಂದು ಅಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ.