ಬೋವಾ ಹಾವಿಗೊಂದು ಬೆಚ್ಚನೆಯ ಮನೆ

ಮಕ್ಕಳೇ, ಚಳಿಗಾಲದ ಬೆಳಿಗ್ಗೆ ಬೇಲಿಯ ಮೇಲೋ ಕಲ್ಲಿನ ಮೇಲೋ ಕುಳಿತ ಓತಿಕ್ಯಾತವನ್ನು ನೀವು ನೋಡಿರುತ್ತೀರಿ. ಬಿಸಿಲಿಗೆ ಮೈಯೊಡ್ಡಿ ಅಲುಗಾಡದೆ ಕೂತಿರುತ್ತದೆ. ಮೈ ಕಾದ ಮೇಲೆ ಚುರುಕಾಗಿ ಹುಳ ಹಿಡಿಯಲು ಹೊರಡುತ್ತದೆ. ಮಧ್ಯಾಹ್ನ ಬಿಸಿಲು ಜೋರಾದರೆ ನೆರಳಿಗೆ ಸರಿಯುತ್ತದೆ. ಹೀಗೇಕೆ?

ನಮ್ಮ ದೇಹದ ಉಷ್ಣತೆ ಬೇಸಿಗೆಯಲ್ಲೂ ಚಳಿಯಲ್ಲೂ ಸುಮಾರು 37 ಡಿಗ್ರಿ ಸೆಲ್ಸಿಯಸ್. ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ದೊಡ್ಡ ಪಾಲು ಮೈಯನ್ನು ಹೀಗೆ ಬೆಚ್ಚಗಿಡಲು ಖರ್ಚಾಗುತ್ತದೆ. ಓತಿಕ್ಯಾತ, ಆಮೆ, ಹಾವುಗಳಿಗೆ ಈ ಏರ್ಪಾಡಿಲ್ಲ. ಅವು ಹೊರಗಿನಿಂದಲೇ ಬಿಸಿ ಪಡೆಯಬೇಕು. ಇವನ್ನು ಶೀತರಕ್ತ ಪ್ರಾಣಿಗಳು ಎನ್ನುತ್ತೇವೆ. ಈ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಬಿಸಿಲು ಕಾಯಿಸಿದ ಹಾವಿನ ರಕ್ತವೂ ಬೆಚ್ಚಗೇ ಇರುತ್ತದೆ.

ಇಂಥ ಪ್ರಾಣಿಯನ್ನು ಒಂದು ಪೆಟ್ಟಿಗೆಯಲ್ಲಿ ಸಾಕಬೇಕೆಂದುಕೊಳ್ಳಿ. ಅದು ಬಿಸಿಲಿಗೆ ಎಲ್ಲಿಗೆ ಹೋಗಬೇಕು? ನೆರಳಿಗೆ ಎಲ್ಲಿಗೆ ಹೋಗಬೇಕು?

ಬ್ರಿಟನ್, ಅಮೆರಿಕ ಮುಂತಾದ ದೇಶಗಳಲ್ಲಿ ಕೆಲವರು ನಾಯಿ, ಬೆಕ್ಕುಗಳಂತೆ ಹಾವುಗಳನ್ನೂ ಮನೆಯಲ್ಲಿ ಸಾಕುತ್ತಾರೆ. ಅವುಗಳಲ್ಲಿ ಒಂದು ಬೋವಾ ಕನ್‌ಸ್ಟ್ರಿಕ್ಟರ್. ಇದೇ ಅದರ ವೈಜ್ಞಾನಿಕ ಹೆಸರೂ ಹೌದು. ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬೆಚ್ಚನೆಯ ಕಾಡುಗಳು. ನೋಡಲು ನಮ್ಮ ಹೆಬ್ಬಾವಿನಂತೆಯೇ ಇದ್ದರೂ ಒಂದು ಮುಖ್ಯ ವ್ಯತ್ಯಾಸವಿದೆ. ಹೆಬ್ಬಾವು ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಬೋವಾ ನೇರವಾಗಿ ಮರಿ ಹಾಕುತ್ತದೆ. ಹುಟ್ಟಿದ ಮರಿ ನಿಮ್ಮ ಅಳತೆಪಟ್ಟಿಗಿಂತ ಸ್ವಲ್ಪ ಉದ್ದ, ಅಂದರೆ ಸುಮಾರು ಅರ್ಧ ಮೀಟರ್. ಬೆಳೆದ ಹೆಣ್ಣು 2ರಿಂದ 3 ಮೀಟರ್ ಆಗುತ್ತದೆ. ಗಂಡು ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಇದಕ್ಕೆ ವಿಷವಿಲ್ಲ.

ಎರಡು ಹವೆಯ ಮನೆ

ಬೆಳೆದ ಬೋವಾಕ್ಕೆ ಕನಿಷ್ಠ ಆರೇಳು ಅಡಿ ಉದ್ದ, ಎರಡು-ಮೂರು ಅಡಿ ಅಗಲದ ಗೂಡು ಬೇಕು. ಉದ್ದ ಬೇಕಾಗುವುದು ಮೈ ಚಾಚುವುದಕ್ಕೆ ಮಾತ್ರವಲ್ಲ. ಗೂಡಿನ ಒಂದು ತುದಿ ಬಿಸಿಲಿನ ಹಾಗೆ, ಇನ್ನೊಂದು ತುದಿ ನೆರಳಿನ ಹಾಗೆ ಇರಬೇಕು. ಬಿಸಿಯ ತುದಿಯಲ್ಲಿ ಸುಮಾರು 31-32 ಡಿಗ್ರಿ, ತಂಪಿನ ತುದಿಯಲ್ಲಿ 25-27 ಡಿಗ್ರಿ. ಚಿಕ್ಕ ಗೂಡಿನಲ್ಲಿ ಈ ವ್ಯತ್ಯಾಸ ಉಳಿಯುವುದೇ ಇಲ್ಲ; ಎಲ್ಲ ಕಡೆಯೂ ಒಂದೇ ಆಗಿಬಿಡುತ್ತದೆ. ತನಗೆ ಎಷ್ಟು ಬಿಸಿ ಬೇಕೆಂದು ಹಾವಿಗೆ ಗೊತ್ತು. ಆದರೆ ಆರಿಸಿಕೊಳ್ಳಲು ಅದಕ್ಕೆ ಎರಡು ಜಾಗ ಬೇಕಲ್ಲ?

ಬಿಸಿ ಮಾಡಲು ವಿದ್ಯುತ್ ಹೀಟರ್ ಬಳಸುತ್ತಾರೆ. ಅದಕ್ಕೆ ಥರ್ಮೋಸ್ಟಾಟ್ ಇರಲೇಬೇಕು. ವಿದ್ಯುತ್ ಇಸ್ತ್ರಿಪೆಟ್ಟಿಗೆ ಸಾಕಷ್ಟು ಕಾದ ಕೂಡಲೇ ಅದರ ಕೆಂಪು ದೀಪ ತಾನಾಗಿ ಆರುವುದನ್ನು ಕಂಡಿದ್ದೀರಾ? ಅದು ಥರ್ಮೋಸ್ಟಾಟಿನ ಕೆಲಸ. ಹೀಟರಿನ ಸುತ್ತ ತಂತಿಬಲೆಯೂ ಬೇಕು. ಹಾವುಗಳಿಗೆ ಒಂದು ವಿಚಿತ್ರ ದೌರ್ಬಲ್ಯವಿದೆ. ಅತಿಯಾಗಿ ಕಾದ ವಸ್ತುವಿನ ಮೇಲೆ ಮಲಗಿದ್ದರೂ ಎಷ್ಟೋ ಸಲ ಪಕ್ಕಕ್ಕೆ ಸರಿಯುವುದಿಲ್ಲ, ಹೊಟ್ಟೆಯ ಚರ್ಮ ಸುಟ್ಟುಕೊಳ್ಳುತ್ತವೆ.

ಬಿಸಿ ಕಡಿಮೆಯಾದರೆ? ತಿಂದದ್ದು ಅರಗುವುದಿಲ್ಲ. ಹಾವು ನುಂಗಿದ ಇಲಿಯನ್ನು ಕಕ್ಕಿಬಿಡಬಹುದು. ಚಳಿ ಮುಂದುವರಿದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ.

ಗೂಡಿನಲ್ಲಿ ಇನ್ನೂ ಕೆಲವು ವಸ್ತುಗಳು ಬೇಕು. ಅವಿತುಕೊಳ್ಳಲು ಎರಡು ಪೊಟರೆಗಳು, ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು. ಹತ್ತಲು ಗಟ್ಟಿಯಾದ ಕೊಂಬೆ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿದರೂ ನಡೆಯುತ್ತದೆ. ದೊಡ್ಡ ಬಾನಿಯಲ್ಲಿ ದಿನವೂ ಹೊಸ ನೀರು. ಹಾವು ನೀರು ಕುಡಿಯುತ್ತದೆ, ಹಾಲು ಅದರ ಆಹಾರವಲ್ಲ. ಗಾಳಿಯಲ್ಲಿ ತೇವವೂ ಇರಬೇಕು. ತೇವ ಕಡಿಮೆಯಾದರೆ ಪೊರೆ ಒಂದೇ ಸಲಕ್ಕೆ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಪೊರೆ ಬಿಡುವ ಮೊದಲು ಹಾವಿನ ಕಣ್ಣು ಮಂಜು ಕವಿದಂತೆ ನೀಲಿಯಾಗುತ್ತದೆ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಮುಟ್ಟುವುದಿಲ್ಲ.

ತಿಂಗಳಿಗೊಂದು ಊಟ

ಮೈ ಬಿಸಿಮಾಡಲು ಆಹಾರ ಸುಡಬೇಕಾಗಿಲ್ಲದ ಕಾರಣ ಬೋವಾಕ್ಕೆ ಊಟ ತೀರಾ ಕಡಿಮೆ ಸಾಕು. ಮರಿಗೆ ಹತ್ತು-ಹದಿನಾಲ್ಕು ದಿನಕ್ಕೊಂದು ಚಿಕ್ಕ ಇಲಿ, ಬೆಳೆದ ಹಾವಿಗೆ ಮೂರು-ನಾಲ್ಕು ವಾರಕ್ಕೊಂದು ದೊಡ್ಡ ಇಲಿ. ಅಷ್ಟೇ ತೂಕದ ನಾಯಿಗೆ ದಿನವೂ ಊಟ ಬೇಕು! ಸತ್ತ ಇಲಿಯನ್ನು ಶೀತಪೆಟ್ಟಿಗೆಯಲ್ಲಿಟ್ಟಿದ್ದು, ಬೆಚ್ಚಗೆ ಮಾಡಿ ಇಕ್ಕುಳದಲ್ಲಿ ಹಿಡಿದು ಕೊಡುತ್ತಾರೆ. ಜೀವಂತ ಇಲಿ ಬಿಟ್ಟರೆ ಅದೇ ಹಾವನ್ನು ಕಚ್ಚಿ ಗಾಯ ಮಾಡಬಹುದು. ಊಟವಾದ ಮೇಲೆ ಎರಡು ದಿನ ಹಾವನ್ನು ಎತ್ತಬಾರದು. ಬೇರೆ ದಿನವೂ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ದೊಡ್ಡ ಬೋವಾವನ್ನು ಎತ್ತುವಾಗ ಇಬ್ಬರು ದೊಡ್ಡವರಿರಬೇಕು, ಮಕ್ಕಳು ಒಬ್ಬರೇ ಮುಟ್ಟಬಾರದು.

ಇಬ್ಬರೇಕೆ ಗೊತ್ತೇ? ಬೋವಾ ಬೇಟೆಗೆ ಸುತ್ತಿಕೊಂಡು ಬಿಗಿಯುತ್ತದೆ. ಅದು ಉಸಿರು ಕಟ್ಟಿಸಿ ಕೊಲ್ಲುತ್ತದೆ ಎಂದೇ ಬಹುಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಅಮೆರಿಕದ ಡಿಕಿನ್‌ಸನ್ ಕಾಲೇಜಿನ ಸಂಶೋಧಕರು ಪ್ರಜ್ಞೆ ತಪ್ಪಿಸಿದ ಇಲಿಗಳ ರಕ್ತದೊತ್ತಡವನ್ನು ಅಳೆದು ನೋಡಿದರು. ಬಿಗಿತ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ರಕ್ತಪರಿಚಲನೆ ಕುಸಿಯಿತು. ಹೃದಯ, ಮಿದುಳಿಗೆ ರಕ್ತವೇ ತಲುಪದೆ ಇಲಿ ಸಾಯುತ್ತದೆ ಎಂದು 2015ರಲ್ಲಿ ಅವರು ಪ್ರಕಟಿಸಿದರು.

ಮರಿಯಾಗಿ ತಂದದ್ದು ಎಷ್ಟು ವರ್ಷ?

ಬೋವಾ 20-30 ವರ್ಷ ಬದುಕಬಲ್ಲದು. ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ ಒಂದು ಬೋವಾ 40 ವರ್ಷ ದಾಟಿ, 1977ರಲ್ಲಿ ಸತ್ತಿತು. ಆರನೆಯ ತರಗತಿಯ ಹುಡುಗ ಮರಿ ತಂದರೆ, ಅವನ ಮಕ್ಕಳು ಆರನೆಯ ತರಗತಿಗೆ ಬರುವಾಗಲೂ ಅದು ಇರಬಹುದು! ಅಂಗಡಿಯಲ್ಲಿ ಬಳ್ಳಿಯಂತಿದ್ದ ಮರಿಯನ್ನು ಕೊಳ್ಳುವಾಗ ಇದು ನೆನಪಿರುವುದಿಲ್ಲ. ಸಾಕಲಾರದೆ ಕೆಲವರು ಹೊರಗೆ ಬಿಟ್ಟುಬಿಡುತ್ತಾರೆ.

ಬಿಟ್ಟರೇನಾಗುತ್ತದೆ? ಚಳಿಯ ದೇಶದಲ್ಲಾದರೆ ಹಾವು ಸಾಯುತ್ತದೆ. ಬೆಚ್ಚನೆಯ ಕಡೆ ಬೇರೆಯೇ ತೊಂದರೆ. ಕೆರಿಬಿಯನ್ ಸಮುದ್ರದ ಅರೂಬಾ ಎಂಬ ಚಿಕ್ಕ ದ್ವೀಪದಲ್ಲಿ ಮೊದಲು ಬೋವಾಗಳಿರಲಿಲ್ಲ. 1999ರಲ್ಲಿ ಅಲ್ಲಿ ಕಾಣಿಸಿಕೊಂಡವು. ಒಂದು ಸಲಕ್ಕೆ 20-30 ಮರಿ ಹಾಕುವ ಹಾವು ದ್ವೀಪದ ತುಂಬ ಹರಡಿತು. ಅಲ್ಲಿನ ಹಕ್ಕಿ, ಹಲ್ಲಿಗಳಿಗೆ ಇಂಥ ಶತ್ರುವಿನ ಪರಿಚಯವೇ ಇರಲಿಲ್ಲ. ಜನ ಹಿಡಿದಷ್ಟೂ ಬೋವಾಗಳು ಮುಗಿಯಲಿಲ್ಲ.

ನಮ್ಮಲ್ಲಿ ಹೇಗೆ?

ನಮ್ಮ ದೇಶದ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ವಿದೇಶದ ಬೋವಾ ಇಟ್ಟುಕೊಂಡವರು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಆದರೆ ಬೋವಾದ ಬಳಗದ ಹಾವೊಂದು ನಮ್ಮ ಬಯಲುಸೀಮೆಯ ಹೊಲಗಳಲ್ಲೇ ಇದೆ. ಅದೇ ಮಣ್ಣುಮುಕ್ಕ ಹಾವು! ಬಾಲ ಮೊಂಡಾಗಿ ತಲೆಯಂತೆ ಕಾಣುವುದರಿಂದ ಎರಡು ತಲೆ ಹಾವು ಎಂದೂ ಕರೆಯುತ್ತಾರೆ. ಇದೂ ಮರಿ ಹಾಕುತ್ತದೆ, ಇದಕ್ಕೂ ವಿಷವಿಲ್ಲ. ಸಡಿಲ ಮಣ್ಣಿನಲ್ಲಿ ಹುದುಗಿದ್ದು ಇಲಿ ಹಿಡಿಯುತ್ತದೆ. ಮನೆಯಲ್ಲಿದ್ದರೆ ಹಣ ಬರುತ್ತದೆಂಬ ಸುಳ್ಳು ನಂಬಿ ಇದನ್ನು ಕದ್ದು ಮಾರುವವರಿದ್ದಾರೆ. ಹಾಗೆ ಹಿಡಿದ ಹಾವಿಗೆ ಸಿಗುವುದು ಒಂದು ಚೀಲ. ಬಿಸಿಲೂ ಇಲ್ಲ, ನೆರಳೂ ಇಲ್ಲ. ಇಲಿ ಮಾತ್ರ ಹೊಲದಲ್ಲಿ ಉಳಿಯುತ್ತದೆ.

ಮಾಡಿ ನೋಡಿ

ಮುಚ್ಚಳವಿರುವ ಉದ್ದನೆಯ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಎರಡೂ ತುದಿಗಳಲ್ಲಿ ಒಂದೊಂದು ತೂತು ಮಾಡಿ. ಒಂದು ತುದಿ ಬಿಸಿಲಿಗೆ, ಇನ್ನೊಂದು ಮರದ ನೆರಳಿಗೆ ಬರುವಂತೆ ಇಡಿ. ಶಿಕ್ಷಕರ ಸಹಾಯದಿಂದ ಪ್ರಯೋಗಶಾಲೆಯ ಉಷ್ಣತಾಮಾಪಕವನ್ನು ತೂತಿನಲ್ಲಿಳಿಸಿ ಬೆಳಿಗ್ಗೆ 10, 11 ಮತ್ತು 12 ಗಂಟೆಗೆ ಎರಡೂ ತುದಿಗಳ ಉಷ್ಣತೆ ಬರೆದುಕೊಳ್ಳಿ. ಚಿಕ್ಕ ಪೆಟ್ಟಿಗೆಯಲ್ಲೂ ಹೀಗೇ ಮಾಡಿ. ಯಾವುದರಲ್ಲಿ ವ್ಯತ್ಯಾಸ ಹೆಚ್ಚು? ನಿಮ್ಮ ಪೆಟ್ಟಿಗೆಯಲ್ಲಿ ಒಂದು ಬೋವಾ ಇದ್ದಿದ್ದರೆ 12 ಗಂಟೆಗೆ ಯಾವ ತುದಿಯಲ್ಲಿರುತ್ತಿತ್ತು?