ಸಂಶೋಧನಾ ವ್ಯಾಸಂಗಕ್ಕೆ ದೊರೆಯುವ ವೇತನ

ಎಂ.ಎಸ್ಸಿ. ತೇರ್ಗಡೆಯಾದ ಮಗನನ್ನಾಗಲಿ ಮಗಳನ್ನಾಗಲಿ ಮುಂದಕ್ಕೆ ಓದಿಸಬೇಕಾದರೆ ಹೊಲವನ್ನು ಅಡವಿಡಬೇಕಾದೀತೆಂದು ಅಂಜುವ ಮನೆತನಗಳು ಹಟ್ಟಿ, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಉಂಟು. ಡಾಕ್ಟರೇಟ್ ಸಂಶೋಧನೆಯ ಮಟ್ಟಿಗೆ ಈ ಅಂಜಿಕೆಗೆ ಪೂರ್ಣ ಆಧಾರವಿಲ್ಲ. ಅಲ್ಲಿಯವರೆಗಿನ ವ್ಯಾಸಂಗಕ್ಕೆ ಮನೆಯವರು ಹಣ ತೆರಬೇಕು. ಪರೀಕ್ಷೆಯಲ್ಲಿ ಆಯ್ಕೆಯಾದ ಸಂಶೋಧಕನಿಗಾದರೋ ಸರ್ಕಾರವೇ ತಿಂಗಳು ತಿಂಗಳು ವೇತನ ಕೊಡುವುದು.

ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಾಗೂ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗಗಳ ಜಂಟಿ ಅರ್ಹತಾ ಪರೀಕ್ಷೆಯು ರಸಾಯನ, ಭೌತ, ಗಣಿತ, ಜೀವ ಮತ್ತು ಭೂವಿಜ್ಞಾನಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡಾವರ್ತಿ ನಡೆಯುವುದು. ಕಿರಿಯ ಸಂಶೋಧಕನೆಂದು ಆಯ್ಕೆಯಾದವನಿಗೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿಗಳೂ, ಕೆಲಸವು ತೃಪ್ತಿಕರವೆಂದು ಕಂಡುಬಂದಲ್ಲಿ ಅನಂತರ 42,000 ರೂಪಾಯಿಗಳೂ ಸಲ್ಲುವುವು. ಇವು 2023ನೆಯ ಜನವರಿಯಿಂದ ಜಾರಿಗೆ ಬಂದ ದರಗಳು. ಒಟ್ಟು ಅವಧಿ 5 ವರ್ಷ ಮೀರದು. ಕೃಷಿ ಪದವೀಧರರಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪರೀಕ್ಷೆ ಬೇರೆಯೇ ಉಂಟು. ಗಣಿಯ ಮಗ್ಗುಲಲ್ಲಿ ಬೆಳೆದ ಹಟ್ಟಿಯ ಮಕ್ಕಳಿಗೆ ಭೂವಿಜ್ಞಾನವು ಹೊಸದೇನೂ ಅಲ್ಲ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಬೆಳಕಿಗೆ ತಂದವನೂ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನೇ.

ಒಂದು ಎಚ್ಚರಿಕೆ ಅವಶ್ಯ. ಪರೀಕ್ಷೆಯಲ್ಲಿ ತೇರ್ಗಡೆಯಾದವರೆಲ್ಲರಿಗೂ ವೇತನವಿಲ್ಲ. ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾದವರದು ಬೇರೆ ಪಟ್ಟಿ. ಆ ಪತ್ರವನ್ನು ನೆಚ್ಚಿ ಮನೆಯ ಲೆಕ್ಕ ಹಾಕಬಾರದು. ಆಯ್ಕೆಯಾದವರಿಗೂ ಮೊದಲ ಕಂತು ಕೈಸೇರಲು ಕೆಲವು ತಿಂಗಳು ಹಿಡಿಯುವುದುಂಟು.

ಇದರಿಂದ ಊರಿಗೇನು ಲಾಭವೆಂದು ಜಮೀನುದಾರರು ಕೇಳುವುದು ನ್ಯಾಯವೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭಾಗದ ಎರೆಭೂಮಿಯಲ್ಲಿ ಭತ್ತ ಹಬ್ಬಿತು. ನೀರು ಬಸಿದುಹೋಗದ ತಗ್ಗುಗಳಲ್ಲಿ ಅಂತರ್ಜಲವು ಮೇಲೇರಿ, ಅದರೊಡನೆ ಬಂದ ಲವಣವು ಮೇಲ್ಮಣ್ಣಿನಲ್ಲಿ ಉಳಿದು, ಭೂಮಿ ಸವಳು ಜವಳಾಯಿತು. ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಇದೇ ವಿಷಯದ ಅಭ್ಯಾಸ ನಡೆದಿದೆ. 2009ರಲ್ಲಿ ಸ್ಥಾಪಿತವಾದ ರಾಯಚೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ವ್ಯಾಸಂಗಕ್ಕೆ ಅವಕಾಶವಿದೆ. ಇಂಥ ಸಂಶೋಧನೆಗೆ ಪ್ರಯೋಗಶಾಲೆಯಷ್ಟೇ ರೈತನ ಹೊಲವೂ ಬೇಕು.

ಹೊಲ ಕೊಡುವವರು ಒಂದು ಸಂಗತಿಯನ್ನು ತಿಳಿದಿರಬೇಕು. ವಿದ್ಯಾರ್ಥಿಯು ಕೆಲವು ಮಡಿಗಳಿಗೆ ಜಿಪ್ಸಂ ಹಾಕಿ, ಒಂದು ಮಡಿಯನ್ನು ಹೋಲಿಕೆಗೆಂದು ಹಾಗೆಯೇ ಬಿಡುವನು. ಬರಿದೇ ಬಿಟ್ಟ ಮಡಿಯ ಪೈರು ಸೊರಗುವುದನ್ನು ಕಂಡು ಮರುಕದಿಂದ ಒಂದು ಬುಟ್ಟಿ ಗೊಬ್ಬರ ಚೆಲ್ಲಿದರೆ ಆ ಹಂಗಾಮಿನ ದುಡಿಮೆಯೆಲ್ಲ ವ್ಯರ್ಥ. ವೇತನದ ಅವಧಿಯಾದರೋ ನಿಲ್ಲದೆ ಕಳೆಯುವುದು. ಗುರುತಿನ ಗೂಟಗಳನ್ನು ಕೀಳದಂತೆ ಆಳುಗಳಿಗೂ ದನ ಕಾಯುವ ಹುಡುಗರಿಗೂ ಹೇಳಿಡತಕ್ಕದ್ದು. ಹೋಲಿಕೆಯ ಮಡಿಯಲ್ಲಿ ನಷ್ಟವಾದಲ್ಲಿ ಅದನ್ನು ತುಂಬಿಕೊಡುವವರಾರೆಂಬುದನ್ನು ಬಿತ್ತನೆಗೆ ಮೊದಲೇ ಬರಹದಲ್ಲಿ ಗೊತ್ತುಮಾಡಿಕೊಳ್ಳುವುದು ಉಭಯರಿಗೂ ಕ್ಷೇಮ.

ಸಂವಿಧಾನದ 371-ಜೆ ವಿಧಿಯ ಮೇರೆಗೆ ರಾಯಚೂರು ಮೊದಲಾದ ಜಿಲ್ಲೆಗಳವರಿಗೆ ರಾಜ್ಯದ ವಿದ್ಯಾಸಂಸ್ಥೆಗಳಲ್ಲಿ ಕೆಲವು ಸ್ಥಾನಗಳು ಮೀಸಲಾಗಿವೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆಯತಕ್ಕದ್ದು. ಪ್ರವೇಶದ ಪ್ರಕಟಣೆ ಹೊರಟ ಮೇಲೆ ದಾಖಲೆಗಳಿಗಾಗಿ ಅಲೆಯುವುದಕ್ಕಿಂತ, ಸ್ನಾತಕೋತ್ತರ ವ್ಯಾಸಂಗದ ಕೊನೆಯ ವರ್ಷದಲ್ಲಿಯೇ ಅರ್ಜಿ ಕೊಟ್ಟಿರುವುದು ಮೇಲು.