ಕ್ಯಾಲಿಫೋರ್ನಿಯಾದಲ್ಲಿ ನೀರಿನ ದರ ಅಧ್ಯಯನ: ಕರಾರು ವಿಸ್ತರಣೆಯಿಂದ ಆಕ್ಷೇಪಣೆವರೆಗೆ

ಕ್ಯಾಲಿಫೋರ್ನಿಯಾದ ನಗರಗಳು ನೀರು ಮತ್ತು ಒಳಚರಂಡಿ ದರ ಏರಿಸುವ ಮುನ್ನ ಸಾಮಾನ್ಯವಾಗಿ ಖಾಸಗಿ ಸಲಹಾ ಸಂಸ್ಥೆಯಿಂದ ದರ ಅಧ್ಯಯನ ಮಾಡಿಸುತ್ತವೆ. ಪೈಪು, ಪಂಪು, ಶುದ್ಧೀಕರಣ ಘಟಕ, ಸಂಬಳ, ಸಾಲದ ಕಂತು ಎಲ್ಲವನ್ನೂ ಕೂಡಿಸಿ, ಆ ವೆಚ್ಚವನ್ನು ಮನೆ, ಅಂಗಡಿ, ಕಾರ್ಖಾನೆಗಳಿಗೆ ಹಂಚುವ ಲೆಕ್ಕ ಇದು. ಕೆಲಸ ಗಡುವು ಮೀರಿದರೆ ಅಥವಾ ವ್ಯಾಪ್ತಿ ಹಿಗ್ಗಿದರೆ ಕರಾರಿಗೆ ತಿದ್ದುಪಡಿ ತಂದು ಅವಧಿಯನ್ನೋ ಮೊತ್ತವನ್ನೋ ಹೆಚ್ಚಿಸಲಾಗುತ್ತದೆ.

ಇಂಥ ತಿದ್ದುಪಡಿ ಸಿಟಿ ಕೌನ್ಸಿಲ್ ಮುಂದೆ ಬಂದಾಗ ಬಹುಪಾಲು ಕನ್ಸೆಂಟ್ ಕ್ಯಾಲೆಂಡರಿನಲ್ಲಿ, ಅಂದರೆ ಚರ್ಚೆಯಿಲ್ಲದೆ ಒಂದೇ ಮತಕ್ಕೆ ಒಟ್ಟಿಗೆ ಪಾಸಾಗುವ ವಿಷಯಗಳ ಪಟ್ಟಿಯಲ್ಲಿರುತ್ತದೆ. ಹಿಂದಿನ ಸಭೆಯ ನಡಾವಳಿಯ ಪಕ್ಕದಲ್ಲಿ ಕೂತ ಆ ಒಂದು ಸಾಲನ್ನು ಓದುವವರು ಕಡಿಮೆ. ಆದರೆ ಮುಂದಿನ ಬಿಲ್ಲಿನ ಬೀಜ ಅಲ್ಲೇ ಇದೆ. 1953ರ ಬ್ರೌನ್ ಕಾಯ್ದೆಯಂತೆ ನಿಯತ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಕೌನ್ಸಿಲ್ ತೀರ್ಮಾನಿಸುವ ಮುನ್ನ ಆ ವಿಷಯದ ಮೇಲೆ ಮಾತನಾಡಲು ಸಾರ್ವಜನಿಕರಿಗೆ ಅವಕಾಶ ಕೊಡಬೇಕು. ಮೂಲ ಮೊತ್ತ ಎಷ್ಟಿತ್ತು, ಇದು ಎಷ್ಟನೇ ತಿದ್ದುಪಡಿ, ಕೇಳುತ್ತಿರುವುದು ಬರೀ ಸಮಯವೋ ಹಣವೂ ಸೇರಿದೆಯೋ ಎಂಬುದನ್ನು ಸಿಬ್ಬಂದಿ ವರದಿಯಲ್ಲಿ ಹುಡುಕಬೇಕು. ಕರಾರಿನ ಪ್ರತಿಯನ್ನು ಸಾರ್ವಜನಿಕ ದಾಖಲೆ ಕಾಯ್ದೆಯಡಿ ಕೇಳಬಹುದು. ದಾಖಲೆ ಕೊಡಬೇಕೋ ಬೇಡವೋ ಎಂದು ನಗರ 10 ದಿನಗಳೊಳಗೆ ತಿಳಿಸಬೇಕು. ಆದರೆ ಅಷ್ಟರಲ್ಲೇ ಪ್ರತಿ ಕೈಸೇರುತ್ತದೆ ಎಂದೇನಿಲ್ಲ.

ಅಧ್ಯಯನಕ್ಕೆ ಇಷ್ಟು ತೂಕ ಬಂದಿರುವುದು 1996ರ ನವೆಂಬರಿನಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 218ರಿಂದ. ರಾಜ್ಯ ಸಂವಿಧಾನಕ್ಕೆ ಸೇರಿದ ಈ ವಿಧಿಯ ಪ್ರಕಾರ ದರದ ಆದಾಯ ಸೇವೆಯ ವೆಚ್ಚವನ್ನು ಮೀರಬಾರದು, ಆ ಹಣ ಬೇರೆ ಕೆಲಸಕ್ಕೆ ಹೋಗಬಾರದು, ಪ್ರತಿ ಆಸ್ತಿಯ ಪಾಲು ಅದಕ್ಕೆ ತಗಲುವ ವೆಚ್ಚಕ್ಕೆ ತಕ್ಕಂತಿರಬೇಕು. ಇದನ್ನು ರುಜುವಾತು ಮಾಡುವ ಹೊಣೆ ನಗರದ್ದು. ಸ್ಯಾನ್ ಹ್ವಾನ್ ಕ್ಯಾಪಿಸ್ಟ್ರಾನೊ ನಗರ ಸಿಕ್ಕಿಬಿದ್ದದ್ದು ಇಲ್ಲಿಯೇ. ಅದರ ನಾಲ್ಕು ಹಂತದ ದರಗಳು 748 ಗ್ಯಾಲನ್‌ನ ಒಂದು ಯೂನಿಟ್‌ಗೆ 2.47 ಡಾಲರ್‌ನಿಂದ ಶುರುವಾಗಿ 9.05 ಡಾಲರ್‌ವರೆಗೆ ಏರುತ್ತಿದ್ದವು. ಹೆಚ್ಚು ಬಳಸುವವರಿಗೆ ಹೆಚ್ಚು ದರ ವಿಧಿಸುವುದೇ ತಪ್ಪು ಎಂದು ಮೇಲ್ಮನವಿ ನ್ಯಾಯಾಲಯ ಹೇಳಲಿಲ್ಲ. ಒಂದೊಂದು ಹಂತದ ನೀರು ಒದಗಿಸಲು ನಿಜಕ್ಕೂ ಅಷ್ಟು ಖರ್ಚು ಬರುತ್ತದೆಂದು ನಗರ ತೋರಿಸಿಲ್ಲ ಎಂದು 2015ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಕರಾರನ್ನು ಒಂದೆರಡು ತಿಂಗಳು ವಿಸ್ತರಿಸಿ ಇಂಥ ಲೆಕ್ಕವನ್ನು ಬಿಗಿ ಮಾಡಿಸುವುದಾದರೆ ಅದು ದಂಡದ ಖರ್ಚಲ್ಲ.

ಅಧ್ಯಯನ ಮುಗಿದ ಮೇಲೆ ದರದ ಪ್ರಸ್ತಾವದ ನೋಟಿಸನ್ನು ಅಂಚೆಯಲ್ಲಿ ಕಳುಹಿಸಬೇಕು. ಅದಾಗಿ ಕನಿಷ್ಠ 45 ದಿನ ಕಳೆದ ಮೇಲಷ್ಟೇ ಸಾರ್ವಜನಿಕ ವಿಚಾರಣೆ. ಒಂದು ಆಸ್ತಿಗೆ ಒಂದೇ ಲಿಖಿತ ಆಕ್ಷೇಪಣೆ ಲೆಕ್ಕಕ್ಕೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಆಸ್ತಿಗಳಿಂದ ಆಕ್ಷೇಪಣೆ ಬಂದರೆ ದರ ಬಿದ್ದುಹೋಗುತ್ತದೆ. ಸುಮ್ಮನಿದ್ದವರು ಒಪ್ಪಿದಂತೆಯೇ ಆಗುವುದರಿಂದ ಆ ಸಂಖ್ಯೆ ಮುಟ್ಟುವುದು ಕಷ್ಟ. ನೀರಿನ ಬಿಲ್ಲಿಗೆ ನೇರ ಹೊಣೆಯಿರುವ ಬಾಡಿಗೆದಾರರಿಗೂ ಈ ಹಕ್ಕಿದೆ. ಹಕ್ಕು ಪೌರತ್ವಕ್ಕಲ್ಲ, ಆಸ್ತಿಗೆ ಅಂಟಿದ್ದು. ಹಾಗಾಗಿ ವೀಸಾ ಮೇಲೆ ಬೇ ಏರಿಯಾದಲ್ಲಿ ನೆಲೆಸಿ ಮನೆ ಕೊಂಡ ಕನ್ನಡಿಗರೂ ಆಕ್ಷೇಪಿಸಬಹುದು.

ಆಕ್ಷೇಪಣೆಯಲ್ಲಿ ದರ ಹೆಚ್ಚಾಯಿತೆಂದಷ್ಟೇ ಬರೆದರೆ ಎಣಿಕೆಗೆ ಸಾಕು, ನ್ಯಾಯಾಲಯಕ್ಕೆ ಸಾಲದು. 2025ರಿಂದ ಜಾರಿಯಲ್ಲಿರುವ ನಿಯಮದಂತೆ, ನಗರ ಅಧ್ಯಯನವನ್ನು ಮೊದಲೇ ಪ್ರಕಟಿಸಿ ನಿಗದಿತ ಕ್ರಮ ಪಾಲಿಸಿದ್ದರೆ, ನಿರ್ದಿಷ್ಟ ಕಾನೂನು ತಕರಾರನ್ನು ಗಡುವಿನೊಳಗೆ ಲಿಖಿತವಾಗಿ ಎತ್ತದವರು ಆಮೇಲೆ ದಾವೆ ಹೂಡಲಾಗದು. ಯಾವ ವೆಚ್ಚ ಯಾರ ತಲೆಗೆ ಬಿದ್ದಿದೆ, ಯಾವ ಕೋಷ್ಟಕಕ್ಕೆ ಆಧಾರವಿಲ್ಲ ಎಂದು ಬಿಡಿಸಿ ಬರೆಯಬೇಕು. ದಾವೆಗೆ ಇರುವ ಕಾಲಮಿತಿ 120 ದಿನ. ದರ ಅಂಗೀಕಾರವಾದ ದಿನ, ಜಾರಿಗೆ ಬಂದ ದಿನ, ಇವೆರಡರಲ್ಲಿ ಯಾವುದು ಕೊನೆಯದೋ ಅಲ್ಲಿಂದ ಎಣಿಕೆ.